ಸಾಹೇಬರ ಸ್ನೇಹ ಒಪ್ಪಿಕೊಳ್ಳುವ ಶಾಸ್ತ್ರ

ನಮ್ಮ ಕಾರ್ಖಾನೆಯ ನೋಟಿಸ್ ಬೋರ್ಡನ್ನು ಕಿತ್ತುಹಾಕಿದ ಮಾರನೆಯ ಬೆಳಗ್ಗೆ, ಶಿಫ್ಟಿಗೆ ಬಂದವರೆಲ್ಲ ಎಂದಿನಂತೆ ಆ ಗೋಡೆಯ ಮುಂದೆ ಹೋಗಿ ನಿಂತರು. ಬೋರ್ಡ್ ಇದ್ದ ಕಡೆ ಗೋಡೆ ಸ್ವಲ್ಪ ಬೆಳ್ಳಗಿತ್ತು, ಮೊಳೆ ಕಿತ್ತ ತೂತುಗಳಿದ್ದವು. ಅದನ್ನೇ ಒಂದು ಗಳಿಗೆ ನೋಡಿ, ಏನೋ ತಿಳಿದುಕೊಂಡವರ ಹಾಗೆ ತಲೆಯಾಡಿಸಿ, ಕಾರ್ಡ್ ಪಂಚ್ ಮಾಡಿ ಒಳಗೆ ಹೋದರು. ಸುಮಾರು ದಿನ ಹೀಗೇ ನಡೆಯಿತು. ‘ಅಲ್ಲೇನೈತೆ ಅಂತ ನೋಡ್ತೀರ?’ ಎಂದು ನಾನು ಗದರಿದರೆ, ‘ಏನೂ ಹಾಕಿಲ್ಲ ಅಂತ ಗೊತ್ತಾಗ್ಬೇಕಲ್ಲ ಮೇಡಂ’ ಎನ್ನುತ್ತಿದ್ದರು.

ಇದು ಎರಡು ಸಾವಿರದ ಎಂಟೋ ಒಂಬತ್ತೋ ಇಸವಿಯ ಮಾತು. ನಾನು ಹೊಸೂರಿನ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದೆ. ಯಾರು ಎಷ್ಟು ಹೊತ್ತಿಗೆ ಬಂದರು, ಯಾರಿಗೆ ರಜ, ಯಾರಿಗೆ ಓವರ್‌ಟೈಮ್ ಎಂದು ನೋಡಿಕೊಳ್ಳುವ ಕೆಲಸ. ನನ್ನ ಊರು ಕೋಲಾರದ ಕಡೆ. ಗಂಡ ಇನ್ನೊಂದು ಕಾರ್ಖಾನೆಯಲ್ಲಿ ಫಿಟ್ಟರ್, ಮನೆ ಮೂಕಂಡಪಲ್ಲಿಯ ಸಾಲುಮನೆಗಳಲ್ಲಿ ಒಂದು. ನಮ್ಮ ಕಾರ್ಖಾನೆಯಲ್ಲಿ ಗಾಡಿಗಳ ಹೊಟ್ಟೆಯೊಳಗೆ ಹೋಗುವ ವೈರುಗಳನ್ನು ಜಡೆ ಹೆಣೆದ ಹಾಗೆ ಸೇರಿಸಿ ಟೇಪು ಸುತ್ತುವ ಕೆಲಸ ನಡೆಯುತ್ತಿತ್ತು. ಹೆಂಗಸರೇ ಹೆಚ್ಚು. ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಉಸಿರಿನಲ್ಲಿ ಓಡುವ ಜಾಗ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮೂರೂ ಭಾಷೆಯಲ್ಲಿ ಹೇಳುತ್ತಿದ್ದರು.

ಬೋರ್ಡ್ ಕಿತ್ತದ್ದು ಮುಖ್ಯ ಕಚೇರಿಯ ಅಪ್ಪಣೆಯಂತೆ. ಆಗ ಪೇಟೆಯ ಹುಡುಗರೆಲ್ಲ ಇಂಟರ್‌ನೆಟ್ ಸೆಂಟರಿನಲ್ಲಿ ಕೂತು, ತಮ್ಮ ಹೆಸರಿನ ಪುಟ ಮಾಡಿಕೊಂಡು, ಕಂಡವರನ್ನೂ ಕಾಣದವರನ್ನೂ ಫ್ರೆಂಡ್ ಮಾಡಿಕೊಳ್ಳುವ ಹುಚ್ಚಿಗೆ ಬಿದ್ದಿದ್ದರು. ಆ ಹುಚ್ಚು ಮುಖ್ಯ ಕಚೇರಿಯ ಯಾರಿಗೋ ತಗಲಿತು. ಇನ್ನು ಮೇಲೆ ಕಂಪನಿಯೊಳಗೆ ಸುತ್ತೋಲೆ ಇಲ್ಲ, ನೋಟಿಸ್ ಇಲ್ಲ, ಮೈಕಿನಲ್ಲಿ ಕೂಗುವುದೂ ಇಲ್ಲ. ಪ್ರತಿಯೊಬ್ಬರಿಗೂ ಕಂಪನಿಯ ಸೈಟಿನಲ್ಲಿ ಒಂದು ಪುಟ. ಹೇಳುವುದು ಕೇಳುವುದು ಎಲ್ಲ ಅಲ್ಲೇ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಹೀಗೆಂದು ನಮಗೆ ತಿಳಿಸಿದ್ದು ಬಾಯಲ್ಲೇ, ಕ್ಯಾಂಟೀನಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ.

ಮುಖ್ಯ ಕಚೇರಿಯಲ್ಲಿ ಮೇಜಿಗೊಂದು ಕಂಪ್ಯೂಟರ್ ಇತ್ತು. ನಮ್ಮ ಮೇಜುಗಳ ಮೇಲೆ ಇದ್ದದ್ದು ವೈರು ಮತ್ತು ಟೇಪು. ಆದ್ದರಿಂದ ನಮಗೆಲ್ಲ ಸೇರಿ ಒಂದು ಕಂಪ್ಯೂಟರ್ ಕಳಿಸಿ, ಕ್ಯಾಂಟೀನಿನ ಕೈ ತೊಳೆಯುವ ನಲ್ಲಿಗಳ ಪಕ್ಕ ಪ್ಲೈವುಡ್ಡಿನ ಗೂಡು ಕಟ್ಟಿ ಅದರೊಳಗೆ ಕೂರಿಸಿದರು. ಅದರ ಉಸ್ತುವಾರಿ ನನಗೆ. ಒದ್ದೆ ಕೈಯಲ್ಲಿ ಮುಟ್ಟುತ್ತಾರೆಂದು ಕೀಬೋರ್ಡಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿದೆ. ಹಾಳೆಯ ಮೇಲೆ ಸಾರು ಬಿದ್ದು ಒಣಗಿ ಅಕ್ಷರ ಕಾಣದಾಯಿತು. ಹೇಗೂ ಹೆಚ್ಚಿನವರಿಗೆ ಟೈಪ್ ಮಾಡಲು ಬರುತ್ತಿರಲಿಲ್ಲ. ಕಡೆಗೆ ಎಲ್ಲರ ಮಾತನ್ನೂ ನಾನೇ ಟೈಪ್ ಮಾಡುವುದೆಂದಾಯಿತು.

ಊಟದ ಹೊತ್ತಿನಲ್ಲಿ ಗೂಡಿನ ಮುಂದೆ ಸಾಲು. ಒಬ್ಬಳು ಬರುತ್ತಾಳೆ. ‘ನಾಳೆ ನನ್ ಬದ್ಲು ಶಿಫ್ಟಿಗೆ ಬತ್ತೀಯಾ ಅಂತ ಅವ್ಳಿಗೆ ಬರೀರಿ ಮೇಡಂ.’ ಆ ‘ಅವಳು’ ಅದೇ ಸಾಲಿನಲ್ಲಿ ಇವಳ ಬೆನ್ನಿಗೇ ನಿಂತಿರುತ್ತಾಳೆ. ನಾನು ಬರೆಯುತ್ತೇನೆ. ಇವಳು ಪಕ್ಕಕ್ಕೆ ಸರಿದು ನಲ್ಲಿಯ ಹತ್ತಿರ ನಿಲ್ಲುತ್ತಾಳೆ. ಅವಳು ಮುಂದೆ ಬಂದು, ‘ನಂಗೇನಾರ ಬಂದದಾ ಮೇಡಂ?’ ಎನ್ನುತ್ತಾಳೆ. ನಾನು ಓದಿ ಹೇಳುತ್ತೇನೆ. ‘ಬತ್ತೀನಿ ಅಂತ ಬರೀರಿ.’ ಬರೆಯುತ್ತೇನೆ. ನಲ್ಲಿಯ ಹತ್ತಿರದಿಂದ ಮೊದಲನೆಯವಳು ಕೂಗುತ್ತಾಳೆ, ‘ಏನಂದ್ಲು ಮೇಡಂ?’ ಒಂದು ದಿನ ತಾಳ್ಮೆ ಕೆಟ್ಟು, ‘ನಿಮ್ಮಿಬ್ರ ಬಾಯಿಗೆ ಏನ್ ಬಂದೈತೆ?’ ಎಂದು ಕೇಳಿದೆ. ‘ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ ಅಂತ ನೀವೇ ಅಂದ್ರಲ್ಲ’ ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಬಾಯಲ್ಲೇ ಹೇಳಿದರು.

ಪ್ರತಿಯೊಬ್ಬರ ಪುಟಕ್ಕೂ ಫೋಟೊ ಬೇಕಿತ್ತು. ಅಲ್ಲೂ ತಕರಾರು. ಒಂಟಿ ಮುಖದ ಫೋಟೊ ಗೋಡೆಗೆ ಹಾಕುವುದು ಸತ್ತವರಿಗೆ, ಬದುಕಿರುವ ನಮಗ್ಯಾಕೆ ಎಂದು ಹೆಂಗಸರು ಪಟ್ಟು ಹಿಡಿದರು. ಸರಿ, ಇಬ್ಬಿಬ್ಬರು ಜೊತೆಯಾಗಿ ನಿಂತು ತೆಗೆಸಿಕೊಂಡರು. ಇವಳ ಪುಟದಲ್ಲೂ ಅದೇ ಇಬ್ಬರು, ಅವಳ ಪುಟದಲ್ಲೂ ಅದೇ ಇಬ್ಬರು. ಇದರಲ್ಲಿ ಯಾರು ಯಾರು ಎಂದು ಮುಖ್ಯ ಕಚೇರಿಯಿಂದ ಪ್ರಶ್ನೆ ಬಂತು. ಎಡಗಡೆಯವರು ಎಂದು ಎಲ್ಲರಿಗೂ ಒಂದೇ ಉತ್ತರ ಬರೆದು ಕೈ ತೊಳೆದುಕೊಂಡೆ. ಹುಟ್ಟಿದ ದಿನದ ಕಥೆ ಕೇಳಲೇಬೇಡಿ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರು ತಮಗೆ ತೋಚಿದ ಹಾಗೆ ಜೂನ್ ಒಂದು ಎಂದು ಬರೆದುಕೊಂಡ ಮಂದಿಯೇ ನಮ್ಮಲ್ಲಿ ತುಂಬಿದ್ದರು. ಜೂನ್ ಒಂದಕ್ಕೆ ಮುಕ್ಕಾಲು ಕಾರ್ಖಾನೆಗೆ ಮುಕ್ಕಾಲು ಕಾರ್ಖಾನೆಯಿಂದ ಶುಭಾಶಯ ಹೊರಟು, ಕಂಪ್ಯೂಟರ್ ಮಧ್ಯಾಹ್ನದ ಹೊತ್ತಿಗೆ ಕಣ್ಣು ಮುಚ್ಚಿತು.

ಪುಟದಲ್ಲಿ ‘ಹವ್ಯಾಸ’ ಎಂಬ ಜಾಗವಿತ್ತು. ಅದನ್ನು ಖಾಲಿ ಬಿಟ್ಟರೆ ಮುಂದಕ್ಕೆ ಹೋಗುತ್ತಿರಲಿಲ್ಲ. ಅಂಚೆಟ್ಟಿಯ ಕಡೆಯಿಂದ ಬರುತ್ತಿದ್ದ ಒಬ್ಬ ಹೆಂಗಸಿದ್ದಳು. ಮೂವತ್ತರ ಆಸುಪಾಸು, ಗಟ್ಟಿ ಆಳು, ಟೇಪು ಸುತ್ತುವುದರಲ್ಲಿ ಚುರುಕು. ಬೆಟ್ಟದ ಮೇಲಿನ ಹಟ್ಟಿಯಿಂದ ನಸುಕಿನಲ್ಲೇ ಇಳಿದು, ಕಾಡುದಾರಿಯಲ್ಲಿ ನಡೆದು, ಅಂಚೆಟ್ಟಿಯ ಬಸ್ ನಿಲ್ದಾಣದಲ್ಲಿ ಕಂಪನಿಯ ವ್ಯಾನ್ ಹತ್ತುತ್ತಿದ್ದಳು. ‘ನಿನ್ನ ಹವ್ಯಾಸ ಏನಮ್ಮ?’ ಎಂದೆ. ‘ಹಂಗಂದ್ರೆ?’ ‘ಏನು ಮಾಡಿದ್ರೆ ನಿಂಗೆ ಖುಷಿ ಆಗ್ತದೆ?’ ಅವಳು ಯೋಚಿಸಿ ಹೇಳಿದಳು, ‘ವ್ಯಾನಲ್ಲಿ ಕಿಟಕಿ ಪಕ್ಕ ಕುಂತ್ಕಳದು.’ ಹಾಗೇ ಬರೆದೆ.

ಈಗ ದೊಡ್ಡ ಸಾಹೇಬರ ವಿಷಯಕ್ಕೆ ಬರುತ್ತೇನೆ. ಅವರು ಕಾರ್ಖಾನೆಯ ಮುಖ್ಯಸ್ಥರು, ಮೈಸೂರಿನವರು. ಮೆತ್ತನೆಯ ಮಾತು, ಗರಿಗರಿ ಅಂಗಿ, ಕುತ್ತಿಗೆಗೆ ಟೈ. ಹೊಸೂರಿಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಚಿಕ್ಕ ಸಾಹೇಬರು ಎಂಬುವರು ಯಾರೂ ಇರದಿದ್ದರೂ ಅವರನ್ನು ದೊಡ್ಡ ಸಾಹೇಬರು ಎಂದೇ ಕರೆಯುತ್ತಿದ್ದರು. ಈ ಸೈಟಿನ ಕಟ್ಟಳೆ ಏನೆಂದರೆ, ಯಾರಿಗಾದರೂ ಏನಾದರೂ ಹೇಳಬೇಕಾದರೆ ಮೊದಲು ಅವರಿಗೆ ಸ್ನೇಹದ ಕೋರಿಕೆ ಕಳಿಸಬೇಕು. ಅವರು ‘ಒಪ್ಪಿದೆ’ ಎಂದು ಒತ್ತಿದ ಮೇಲೆಯೇ ಇಬ್ಬರ ನಡುವೆ ಮಾತು. ಸಾಹೇಬರು ತಮ್ಮ ಕೋಣೆಯಲ್ಲಿದ್ದ ಕಂಪ್ಯೂಟರಿನಿಂದ ಇಡೀ ಕಾರ್ಖಾನೆಗೆ ಕೋರಿಕೆ ಕಳಿಸಿದರು. ಒಬ್ಬರೂ ಒಪ್ಪಲಿಲ್ಲ.

ಅವರ ಮೇಲೆ ಸಿಟ್ಟಿದ್ದು ಅಲ್ಲ. ಮರ್ಯಾದೆ ಇದ್ದದ್ದಕ್ಕೆ. ‘ಫ್ರೆಂಡ್ ಅಂದ್ರೆ ಏನ್ಲಾ ಬಾರ್ಲಾ ಅನ್ಬೇಕು ಮೇಡಂ’ ಎಂದು ನಮ್ಮ ಕಾರ್ಖಾನೆಯ ಹಳೆಯ ಫಿಟ್ಟರ್ ನನಗೇ ಬುದ್ಧಿ ಹೇಳಿದ. ‘ಸಾಹೇಬ್ರಿಗೆ ಏನ್ಲಾ ಅಂದ್ಮೇಲೆ ನಾನೆಲ್ಲಿ ಹೋಗ್ಲಿ?’ ಹೆಂಗಸರ ಮಾತು ಇನ್ನೂ ನೇರ. ಗಂಡಸು ಫ್ರೆಂಡು ಎಂದು ಊರಲ್ಲಿ ಗೊತ್ತಾದರೆ ಮನೆಯಲ್ಲಿ ಅನ್ನ ಹುಟ್ಟುವುದಿಲ್ಲ. ಹಾಗೆಂದು ‘ಬೇಡ’ ಎಂದು ಒತ್ತಿದರೆ ದೊಡ್ಡವರಿಗೆ ಅವಮಾನ. ಅದಕ್ಕೇ ಎಲ್ಲರೂ ಎರಡನ್ನೂ ಒತ್ತದೆ, ಕೈ ಕಟ್ಟಿ ನಿಂತಂತೆ ಸುಮ್ಮನಿದ್ದರು. ಸಾಹೇಬರ ಪುಟದಲ್ಲಿ ಅವರ ನಗುಮುಖದ ಕೆಳಗೆ ‘ಸ್ನೇಹಿತರು: ಸೊನ್ನೆ’ ಎಂದು ನಿಂತುಬಿಟ್ಟಿತು. ಅವರ ಫೋಟೊ ಬೇರೆ ಒಂಟಿ. ನೋಡಿದವರು, ‘ಅಯ್ಯೋ ಪಾಪ’ ಎಂದು ಕೈ ಮುಗಿದು ಹೋಗುತ್ತಿದ್ದರು.

ಒಂದು ದಿನ ಸಾಹೇಬರು ನನ್ನ ಟೇಬಲ್ಲಿನ ಮುಂದೆ ಬಂದು ನಿಂತರು. ಅವರ ಕೋಣೆಗೂ ನನ್ನ ಜಾಗಕ್ಕೂ ನಡುವೆ ಒಂದು ಗಾಜು ಅಷ್ಟೇ.

‘ಮೇಡಂ, ನಿಮಗೊಂದು ವಿಷಯ ತಿಳಿಸಬೇಕಿತ್ತು. ದಯವಿಟ್ಟು ನನ್ನನ್ನ ಒಪ್ಕೊಳ್ಳಿ.’

ಟೀ ತಂದಿದ್ದ ಕ್ಯಾಂಟೀನಿನವಳು ಲೋಟ ಕೈಯಲ್ಲೇ ಹಿಡಿದು ನಿಂತುಬಿಟ್ಟಳು.

‘ಸಾರ್, ಬಾಗ್ಲು ತೆಗ್ದೈತೆ, ಸ್ವಲ್ಪ ಮೆಲ್ಲಗೆ ಹೇಳಿ’ ಎಂದೆ. ‘ಏನು ವಿಷಯ, ಇಲ್ಲೇ ಹೇಳ್ಬಿಡಿ.’

‘ಹಾಗೆ ಹೇಳೋ ಹಾಗಿಲ್ಲ ಮೇಡಂ. ಹೇಳಿದ್ರೆ ಹೇಳಿದ ಹಾಗಾಗಲ್ಲ’ ಎಂದು ಅವರು ಪೆಚ್ಚಾಗಿ ಒಳಗೆ ಹೋದರು. ಗಾಜಿನ ಆಚೆ ಅವರು, ಈಚೆ ನಾನು, ಸಂಜೆಯವರೆಗೂ ಒಬ್ಬರನ್ನೊಬ್ಬರು ನೋಡುತ್ತ ಕೂತೆವು. ಮನೆಗೆ ಬಂದು ಗಂಡನಿಗೆ ಹೇಳಿದೆ. ‘ಒಪ್ಕೊ, ನಂದೇನಿಲ್ಲ. ಆದ್ರೆ ನಮ್ಮಮ್ಮಂಗೆ ನೀನೇ ಹೇಳು’ ಎಂದು ಮಗ್ಗುಲು ಬದಲಾಯಿಸಿದ. ಅತ್ತೆ ಒಳಗಿನಿಂದಲೇ, ‘ಏನದು?’ ಎಂದರು. ‘ಏನಿಲ್ಲ’ ಎಂದೆ.

ಆ ವಿಷಯ ಏನೆಂದು ನನಗೆ ತಿಳಿದದ್ದು ವ್ಯಾನಿನ ಡ್ರೈವರಣ್ಣನಿಂದ. ತಿಂಗಳು ಮುಗಿಯಲು ಇನ್ನು ಕೆಲವೇ ದಿನ ಉಳಿದಿತ್ತು. ಅವನು ಗೇಟಿನ ಹತ್ತಿರ ಬೀಡಿ ಸೇದುತ್ತ, ಏನೂ ಆಗದವನ ಹಾಗೆ ಹೇಳಿದ, ‘ಒಂದನೇ ತೇದಿಯಿಂದ ಅಂಚೆಟ್ಟಿ ವಂಡಿ ಇಲ್ಲ ಅಕ್ಕ. ನಿಮ್ಗೆ ತೆರಿಯಾದಾ?’

ತೆರಿಯಾದು, ನನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ನೇರ ಸಾಹೇಬರ ಕೋಣೆಗೆ ನುಗ್ಗಿದೆ.

ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ವ್ಯಾನುಗಳ ಖರ್ಚು ಕಡಿಮೆ ಮಾಡಬೇಕೆಂದು ಮುಖ್ಯ ಕಚೇರಿ ಬರೆದಿತ್ತು. ಯಾವ ದಾರಿಯ ವ್ಯಾನ್ ಯಾರಿಗೆ ಬೇಕು ಎಂದು ಸಾಹೇಬರು ತಮ್ಮ ಪುಟದಲ್ಲಿ ಕೇಳಬೇಕು, ಬೇಕಾದವರು ಅಲ್ಲೇ ಬರೆಯಬೇಕು, ಯಾರೂ ಬರೆಯದ ದಾರಿಯ ವ್ಯಾನ್ ನಿಲ್ಲುತ್ತದೆ. ಸಾಹೇಬರು ಕೇಳಿದ್ದರು. ಮೂರು ಮೂರು ಸಲ ಕೇಳಿದ್ದರು. ಅವರು ಕೇಳಿದ್ದು ಅವರ ಸ್ನೇಹಿತರಿಗೆ ಮಾತ್ರ ಕಾಣುತ್ತಿತ್ತು. ಎಲ್ಲ ದಾರಿಯ ವ್ಯಾನೂ ನಿಲ್ಲುವುದಿತ್ತು, ಆದರೆ ಹೊಸೂರು, ಬಾಗಲೂರಿನ ದಾರಿಗಳಲ್ಲಿ ಟೌನ್ ಬಸ್ಸಾದರೂ ಇತ್ತು. ಅಂಚೆಟ್ಟಿಯ ಕಡೆಯವರಿಗೆ ಶಿಫ್ಟಿನ ಹೊತ್ತಿಗೆ ಮುಟ್ಟಿಸುವ ಬಸ್ಸೇ ಇರಲಿಲ್ಲ.

‘ಸಾರ್, ಇಷ್ಟು ದಿನ ಬಾಯಿ ಬಿಟ್ಟು ಹೇಳೋಕೇನಾಗಿತ್ತು?’

‘ಬಾಯಲ್ಲಿ ಹೇಳಿದ್ರೆ ನೀವೂ ಬಾಯಲ್ಲೇ ಉತ್ತರ ಕೊಡ್ತೀರ. ಅದನ್ನ ಅವರು ತಗೊಳ್ಳಲ್ಲ. ನಾನು ಹೇಳಿಕೊಂಡೇ ನೋಡಿದೆ ಮೇಡಂ. ಜನಕ್ಕೆ ವ್ಯಾನ್ ಬೇಕು ಅಂತ ಫೋನ್ ಮಾಡಿದ್ರೆ, ಜನ ಅಂದ್ರೆ ಯಾರು, ನಿಮ್ಮ ಪುಟದಲ್ಲಿ ಯಾರೂ ಇಲ್ಲವಲ್ಲ ಅಂದರು.’ ಅವರ ಮುಖ ಕೆಂಪಾಗಿತ್ತು. ‘ನಿಜ ಹೇಳ್ಲಾ? ನಾನು ನಿಮಗ್ಯಾರಿಗೂ ಬೇಡ ಅಂತ ಅಂದ್ಕೊಂಡಿದ್ದೆ. ಪದೇ ಪದೇ ಕೇಳೋಕೆ ನಾಚಿಕೆಯಾಯ್ತು.’

ಮದುವೆಯಾಗದೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದೆ ಮದುವೆಯಾಗುವುದಿಲ್ಲ ಎನ್ನುತ್ತಾರಲ್ಲ, ಹಾಗಾಗಿತ್ತು ನಮ್ಮ ಪಾಡು. ಒಪ್ಪಿಕೊಳ್ಳದೆ ವ್ಯಾನ್ ಇಲ್ಲ, ಮಾನ ಇರುವವರು ಒಪ್ಪಿಕೊಳ್ಳುವ ಹಾಗಿಲ್ಲ.

ಊಟದ ಹೊತ್ತಿನಲ್ಲಿ ಹೆಂಗಸರಿಗೆಲ್ಲ ವಿಷಯ ಹೇಳಿದೆ. ಅಂಚೆಟ್ಟಿಯವಳು ಕೈಯಲ್ಲಿದ್ದ ತುತ್ತನ್ನು ಬುತ್ತಿಗೇ ವಾಪಸ್ ಇಟ್ಟಳು.

‘ವ್ಯಾನ್ ನಿಂತ್ರೆ ನಾನೂ ನಿಂತಂಗೇ ಮೇಡಂ’ ಎಂದಳು. ಅವಳ ಗಂಡ ಕೃಷ್ಣಗಿರಿಯ ಕಡೆ ಕಲ್ಲಿನ ಕೆಲಸಕ್ಕೆ ಹೋದವನು ಹಬ್ಬಕ್ಕೆ ಹುಣ್ಣಿಮೆಗೆ ಬರುತ್ತಿದ್ದ. ಮನೆ ಗಂಡನ ಅಣ್ಣನ ಕೈಯಲ್ಲಿತ್ತು. ‘ನಮ್ ಭಾವ ಕಾಯ್ಕೊಂಡು ಕುಂತವ್ನೆ. ಅವನಿಗೆ ಆಡು ಕಾಯೋಕೆ ಆಳು ಬೇಕು. ಹೊತ್ತಿಗೆ ಬಸ್ಸಿಲ್ಲ, ಹೋಗ್ಬೇಡ ಅಂದ್ರೆ ಮುಗೀತು.’ ಮತ್ತೆ ಹೇಳಿದಳು, ‘ಆಡು ಮೇಯ್ಸೋದು ಕೆಟ್ಟದ್ದು ಅಂತಲ್ಲ. ಇಲ್ಲಿ ನನ್ನ ಹೆಸ್ರಿಡ್ದು ಕರೀತಾರೆ ಮೇಡಂ. ಅಲ್ಲಿ ಏಯ್ ಅಂತಾರೆ.’

‘ಹಂಗಾದ್ರೆ ಬಂದು ಒಪ್ಕೋ. ನಾನು ಒತ್ತುತೀನಿ’ ಎಂದೆ.

‘ಅದೆಂಗೆ ಒಪ್ಕಳ್ಲಿ? ಭಾವನ ಕಿವಿಗೆ ಬಿದ್ರೆ ಆಡಿನ ಪಕ್ಕದಾಗೆ ನನ್ನೂ ಗೂಟಕ್ಕೆ ಕಟ್ತಾನೆ.’ ಬುತ್ತಿಯ ಮುಚ್ಚಳ ಹಾಕುತ್ತ ತಲೆಯೆತ್ತಿದಳು. ‘ಮೇಡಂ, ಅಣ್ಣ ಅಂತ ಒಪ್ಕೋಬೋದಾ?’

‘ಅದರಲ್ಲಿ ಅಂಥ ಬಟನ್ ಇಲ್ಲ ಕಣಮ್ಮ.’

‘ಬಟನ್ ಯಾಕೆ? ವೀಳ್ಯ ಕೊಟ್ಟು ಅಣ್ಣ ಅಂತ ಒಪ್ಕಳಣ. ಆಮ್ಯಾಕೆ ನೀವು ಏನ್ ಬೇಕಾರ ಒತ್ಕಳ್ರಿ.’

ನಮ್ಮ ಕಡೆ ಎಲೆ ಅಡಿಕೆ ಕೈ ಬದಲಾಯಿಸದೆ ಯಾವ ಮಾತೂ ಗಟ್ಟಿಯಾಗುವುದಿಲ್ಲ. ಹೆಣ್ಣು ಗೊತ್ತಾಗುವುದೂ, ಜಗಳ ತೀರುವುದೂ, ಹೊಲದ ಗಡಿ ನಿಲ್ಲುವುದೂ ವೀಳ್ಯದ ಮೇಲೆಯೇ. ಆದರೆ ಇಬ್ಬರು ಹೆಂಗಸರು ಇದಕ್ಕೂ ಅಡ್ಡ ಬಂದರು. ‘ಬರೀ ಎಲೆ ಅಡ್ಕೆ ಕೊಟ್ರೆ ನಿಶ್ಚಿತಾರ್ಥ ಆಗೋಯ್ತದೆ ಕಣೇ, ಹುಷಾರು’ ಎಂದರು. ಅರ್ಧ ಗಂಟೆ ಚರ್ಚೆಯಾಗಿ, ಮೊದಲು ಬಾಯಿ ತುಂಬ ಅಣ್ಣ ಎನ್ನಬೇಕು, ಆಮೇಲೆ ಕೊಡಬೇಕು ಎಂದು ತೀರ್ಮಾನವಾಯಿತು. ಅಷ್ಟು ಹೊತ್ತೂ ಟೇಪು ಸುತ್ತುವ ಲೈನ್ ನಿಂತಿತ್ತು.

ಸಾಹೇಬರಿಗೆ ಹೋಗಿ ಹೇಳಿದೆ. ಅವರು ಟೈ ಸರಿ ಮಾಡಿಕೊಂಡು, ‘ಇದನ್ನ ಸೈಟಿಗೆ ಹಾಕಬೇಕಾಗುತ್ತಾ?’ ಎಂದರು.

‘ಹಾಕಿದ್ರೆ ನೀವೊಬ್ರೇ ನೋಡ್ಬೇಕು ಸಾರ್.’

‘ಅದೂ ಸರಿ’ ಎಂದು ಎದ್ದರು.

ಮಾರನೆಯ ದಿನ ಮಧ್ಯಾಹ್ನ ಪ್ಲೈವುಡ್ ಗೂಡಿನ ಮುಂದೆ ಸಾಹೇಬರನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದೆವು. ಹೆಂಗಸರು ಸಾಲಾಗಿ ಬಂದರು. ಒಬ್ಬೊಬ್ಬರೂ, ‘ಇವತ್ತಿಂದ ನೀವು ನಮ್ಮಣ್ಣ’ ಎಂದು ಎಲೆ, ಅಡಿಕೆ, ಬಾಳೆಹಣ್ಣು ಕೈಗಿಟ್ಟರು. ನಾನು ಗೂಡಿನೊಳಗೆ ಅವರವರ ಪುಟ ತೆಗೆದು ‘ಒಪ್ಪಿದೆ’ ಎಂದು ಒತ್ತಿದೆ. ತಮಿಳಿನವರು ‘ಅಣ್ಣೇ’ ಎಂದರು, ತೆಲುಗಿನವರು ‘ಅನ್ನಾ’ ಎಂದರು. ಕೈ ತುಂಬಿ ಜೇಬು ತುಂಬಿ, ಮಿಕ್ಕ ಬಾಳೆಹಣ್ಣನ್ನು ಕೈ ತೊಳೆಯುವ ತೊಟ್ಟಿಯೊಳಗೆ ಪೇರಿಸಿದರು. ನಮ್ಮ ಹಳೆಯ ಫಿಟ್ಟರನ ಹೆಂಡತಿಯೂ ಅದೇ ಲೈನಿನಲ್ಲಿ ಕೆಲಸಕ್ಕಿದ್ದಳು, ಸಾಹೇಬರಿಗಿಂತ ವಯಸ್ಸಿನಲ್ಲಿ ದೊಡ್ಡವಳು. ಅವಳು ಅಣ್ಣ ಎನ್ನಲು ಒಪ್ಪದೆ, ‘ತಮ್ಮ, ಚೆನ್ನಾಗಿರಪ್ಪ’ ಎಂದು ತಲೆ ಸವರಿ ವೀಳ್ಯ ಕೊಟ್ಟಳು. ದೂರದಲ್ಲಿ ನಿಂತಿದ್ದ ಫಿಟ್ಟರ್ ಗಾಬರಿಯಿಂದ ನನ್ನ ಹತ್ತಿರ ಬಂದು, ‘ಮೇಡಂ, ಹಂಗಾದ್ರೆ ಸಾಹೇಬ್ರು ಇನ್ಮ್ಯಾಕೆ ನಂಗೆ ಭಾಮೈದನಾ?’ ಎಂದು ಪಿಸುಗುಟ್ಟಿದ. ಭಾಮೈದ ಎಂದ ಮೇಲೆ ಏನ್ಲಾ ಎನ್ನಬಹುದು ಎಂದು ಅವನಿಗೆ ಸಮಾಧಾನವಾಗಿ ತಾನೂ ಒಪ್ಪಿದ. ಗಂಡಸರೆಲ್ಲ ಹೀಗೇ ಒಬ್ಬೊಬ್ಬರು ಒಂದೊಂದು ವರಸೆ ಹುಡುಕಿಕೊಂಡು ಒಪ್ಪಿದರು.

ಅಂಚೆಟ್ಟಿಯವಳ ಸರದಿ ಬಂದಾಗ ಅವಳು ಎರಡು ಎಲೆ ಹೆಚ್ಚಿಗೆ ಇಟ್ಟಳು. ‘ನಂಗೆ ಒಡಹುಟ್ಟಿದೋರು ಯಾರೂ ಇಲ್ಲ. ತಂಗೀನ ಕರ್ಕೊಂಬರೋದು, ಬುಟ್ಟು ಬರೋದು ಅಣ್ಣನ ಕೆಲ್ಸ. ಗ್ಯಾಪ್ಕ ಇರ್ಲಿ’ ಎಂದಳು. ಸಾಹೇಬರು, ‘ಆಗಲಮ್ಮ’ ಎಂದರು. ಕಡೆಗೆ ನಾನೂ ಒಂದು ವೀಳ್ಯ ಕೊಟ್ಟು ಒಪ್ಪಿದೆ. ಈ ಸಲ ಅತ್ತೆಗೆ ಧೈರ್ಯವಾಗಿ ಹೇಳಬಹುದಿತ್ತು.

ಸಂಜೆಯವರೆಗೆ ಕೂತು, ಒಬ್ಬೊಬ್ಬರ ಪುಟದಿಂದಲೂ ಸಾಹೇಬರ ಪುಟಕ್ಕೆ ‘ಅಂಚೆಟ್ಟಿ ವ್ಯಾನ್ ಬೇಕು’ ಎಂದು ಬರೆದೆ. ಹೊಸೂರಿನವರೂ ಬರೆಸಿದರು, ಬಾಗಲೂರಿನವರೂ ಬರೆಸಿದರು. ಸಾಹೇಬರ ಫೋಟೊದ ಕೆಳಗೆ ಇಡೀ ಕಾರ್ಖಾನೆ ಸ್ನೇಹಿತರಾಗಿ ನಿಂತಿತ್ತು. ಅವರು ತಮ್ಮ ಕೋಣೆಯಲ್ಲಿ ಅದನ್ನೇ ನೋಡುತ್ತ, ನನಗೆ ಮೊದಲ ಮೆಸೇಜ್ ಕಳಿಸಿದರು. ‘ಬಾಳೆಹಣ್ಣು ಬೇಕಾ ಮೇಡಂ?’ ನಾನು ‘ಬೇಡ ಸಾರ್’ ಎಂದು ಬರೆದೆ.

ಮಾರನೆಯ ದಿನ ಸಾಹೇಬರ ಪುಟ ತೆರೆಯಲೇ ಇಲ್ಲ. ಒಂದೇ ಕಂಪ್ಯೂಟರಿನಿಂದ, ಒಂದೇ ಮಧ್ಯಾಹ್ನದಲ್ಲಿ, ಅಷ್ಟೂ ಜನ ಅದೇ ಮಾತನ್ನು ಬರೆದದ್ದು ಮುಖ್ಯ ಕಚೇರಿಯ ಯಂತ್ರಕ್ಕೆ ಅನುಮಾನ ತಂದಿತ್ತು. ಯಾರೋ ಒಬ್ಬರ ಕಿತಾಪತಿ ಎಂದು ಬಗೆದು ಅದು ಪುಟವನ್ನೇ ಮುಚ್ಚಿಬಿಟ್ಟಿತ್ತು, ಬರೆದದ್ದನ್ನೆಲ್ಲ ಅಳಿಸಿತ್ತು. ಸಾಹೇಬರು ಫೋನ್ ಮಾಡಿದರು. ದೂರನ್ನು ನಿಮ್ಮ ಪುಟದಲ್ಲೇ ಬರೆಯಿರಿ ಎಂದರಂತೆ. ಪುಟ ಮುಚ್ಚಿದೆಯಲ್ಲ ಎಂದರೆ, ಅದನ್ನೂ ಅಲ್ಲೇ ಬರೆಯಿರಿ ಎಂದರಂತೆ. ನಾನು ಬೈಯದ ಬೈಗುಳ ಆ ದಿನ ಉಳಿಯಲಿಲ್ಲ. ಅಂಚೆಟ್ಟಿಯವಳು ಏನೂ ಬೈಯಲಿಲ್ಲ. ತಿಂಗಳ ಕಡೆಯ ಸಂಜೆ ವ್ಯಾನ್ ಹತ್ತುವ ಮುಂಚೆ ಟೇಪು ಕತ್ತರಿಸುವ ತನ್ನ ಕತ್ತರಿಯನ್ನು ನನ್ನ ಮೇಜಿನ ಮೇಲಿಟ್ಟು, ‘ಕಂಪ್ನೀದು’ ಎಂದಳು. ಕಿಟಕಿಯ ಪಕ್ಕ ಕೂತಳು. ನನಗೆ ಅಳು ಬಂತು.

ಗಾಜಿನ ಆಚೆಯಿಂದ ಸಾಹೇಬರು ಎಲ್ಲ ನೋಡುತ್ತಿದ್ದರು. ಹೊರಗೆ ಬಂದು ಕೇಳಿದರು, ‘ಅಂಚೆಟ್ಟಿಗೆ ದಾರಿ ಗೊತ್ತಾ ಮೇಡಂ?’

‘ಯಾಕ್ ಸಾರ್?’

‘ಎಲೆ ಅಡಿಕೆ ತಗೊಂಡಿದೀನಲ್ಲ.’

ಒಂದನೇ ತಾರೀಖು ಬೆಳಕು ಹರಿಯುವ ಮುಂಚೆ ಕಂಪನಿಯ ಜೀಪನ್ನು ಅವರೇ ಓಡಿಸಿಕೊಂಡು ಮೂಕಂಡಪಲ್ಲಿಗೆ ಬಂದರು. ದಾರಿ ತೋರಿಸಲು ನಾನು ಹಿಂದೆ ಕೂತೆ. ಡೆಂಕಣಿಕೋಟೆ ದಾಟಿ ಕಾಡಿನ ರಸ್ತೆಗೆ ಬಿದ್ದ ಮೇಲೆ, ಪ್ರತಿ ತಿರುವಿನಲ್ಲೂ ಹಾರ್ನ್ ಹೊಡೆಯುತ್ತ ಹೋದರು. ಅಂಚೆಟ್ಟಿಯ ನಿಲ್ದಾಣದಲ್ಲಿ ನಾಲ್ಕೈದು ಹೆಂಗಸರು, ವ್ಯಾನ್ ಬಂದರೂ ಬರಬಹುದು ಎಂದು ಬುತ್ತಿ ಹಿಡಿದು ನಿಂತೇ ಇದ್ದರು. ಅವಳೊಬ್ಬಳಿರಲಿಲ್ಲ. ‘ಅವಳ ಭಾವ ಬುಡ್ಲಿಲ್ಲ. ಬೆಳಗ್ಗೆಯೇ ಆಡು ಬಿಚ್ಚಿಸ್ತಾವ್ನೆ’ ಎಂದರು.

ಸಾಹೇಬರು ಜೀಪನ್ನು ಬೆಟ್ಟದ ಕಡೆ ತಿರುಗಿಸಿದರು. ದಾರಿ ಮುಗಿದಲ್ಲಿ ಇಳಿದು ಹಟ್ಟಿಗೆ ನಡೆದೆವು. ಅವಳು ಕೈಯಲ್ಲಿ ಕೋಲು ಹಿಡಿದು ಆಡುಗಳ ನಡುವೆ ನಿಂತಿದ್ದಳು. ನಮ್ಮನ್ನು ಕಂಡು ಕೋಲು ಬಿಟ್ಟಳು. ಭಾವ ಜಗಲಿಯಿಂದ ಎದ್ದು ಬಂದ. ಕಪ್ಪಗೆ, ಎತ್ತರಕ್ಕೆ, ಹೆಗಲ ಮೇಲೆ ಟವಲ್ ಹಾಕಿಕೊಂಡು.

‘ಯಾರು ನೀವು?’

‘ಕರ್ಕೊಂಡು ಹೋಗೋಕೆ ಬಂದೆ’ ಎಂದರು ಸಾಹೇಬರು.

‘ಇವಳು ನಿಮ್ಗೆ ಏನಾಗ್ಬೇಕು?’

ಸಾಹೇಬರು, ‘ತಂಗಿ’ ಎಂದರು.

‘ಇವಳಿಗೆ ಹಿಂದೆ ಮುಂದೆ ಯಾರೂ ಇಲ್ಲ. ನೀವ್ಯಾವ ಕಡೆಯಿಂದ ಅಣ್ಣ?’

‘ಕಂಪ್ಯೂಟರ್ ಕಡೆಯಿಂದ’ ಎಂದುಬಿಟ್ಟರು ಮಹಾನುಭಾವ.

‘ವೀಳ್ಯ ಆಗೈತೆ ಕಣಣ್ಣ’ ಎಂದು ನಡುವೆ ಬಾಯಿ ಹಾಕಿದೆ. ‘ಎಲ್ರ ಎದುರ್ಗೆ ಅಣ್ಣ ಅಂತ ಬಾಯಿ ತುಂಬ ಅಂದು ಎಲೆ ಅಡ್ಕೆ ಕೊಟ್ಟವ್ಳೆ. ಇವ್ರು ಇಸ್ಕೊಂಡವ್ರೆ. ನಾನೇ ಕಣ್ಣಾರೆ ನೋಡಿವ್ನಿ.’

ಭಾವ ಅವಳ ಕಡೆ ತಿರುಗಿದ. ‘ಹೌದೇನೇ?’ ಅವಳು ತಲೆಯಾಡಿಸಿದಳು. ಅವನು ಸಾಹೇಬರನ್ನು ತಲೆಯಿಂದ ಬೂಟಿನವರೆಗೆ ನೋಡಿದ. ಯಾವ ಕಂಪನಿಯ ಯಾವ ಸಾಹೇಬರಿಗೂ ಅವನು ಜಗ್ಗುವವನಲ್ಲ, ಅದು ಅವನ ನಿಲುವಿನಲ್ಲೇ ಕಾಣುತ್ತಿತ್ತು. ಆದರೆ ವೀಳ್ಯ ಹಿಡಿದ ಅಣ್ಣ ತಂಗಿಯನ್ನು ಕರೆಯಲು ಹೊಸ್ತಿಲಿಗೆ ಬಂದರೆ ಇಲ್ಲ ಎನ್ನುವ ಮನೆ ಆ ಬೆಟ್ಟದ ಮೇಲೆ ಒಂದೂ ಇರಲಿಲ್ಲ. ಟವಲನ್ನು ಹೆಗಲಿಂದ ತೆಗೆದು ಜಗಲಿ ಒರೆಸಿದ. ‘ಕುಂತ್ಕಳಿ. ತವರು ಕಡೆಯೋರು ಬರಿ ಹೊಟ್ಟೇಲಿ ಹೋದ್ರೆ ಮನೆ ಮರ್ಯಾದೆ ಏನಾಗ್ಬೇಕು’ ಎಂದು, ಒಳಗಿದ್ದ ಹೆಂಡತಿಗೆ ನೀರು ತರಲು ಕೂಗಿದ.

‘ಶಿಫ್ಟಿಗೆ ಹೊತ್ತಾಗುತ್ತೆ’ ಎಂದರು ಸಾಹೇಬರು.

‘ಆಗ್ಲಿ’ ಎಂದ ಭಾವ.

ಕಾಲಿಗೆ ನೀರು ಕೊಟ್ಟರು. ಸಾಹೇಬರು ಬೂಟು ಬಿಚ್ಚಿ ಕಾಲು ತೊಳೆದು, ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಟೈಯನ್ನು ಹೆಗಲ ಮೇಲೆ ಎಸೆದುಕೊಂಡು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದರು. ಭಾವ ಮುಂದೆ ಕೂತು, ಗೌರಿ ಹಬ್ಬಕ್ಕೆ ತಂಗಿಯನ್ನು ಕರೆಯುತ್ತೀರೋ ಇಲ್ಲವೋ, ನಿಮ್ಮ ತಾಯಿ ಇದ್ದಾರೋ, ನಿಮಗೆಷ್ಟು ಜನ ತಂಗಿಯರು ಎಂದು ವಿಚಾರಿಸಿದ. ಕಡೆಯ ಪ್ರಶ್ನೆಗೆ ಸಾಹೇಬರು ನನ್ನ ಮುಖ ನೋಡಿದರು. ಕಡಿಮೆಯಿಲ್ಲ ಎಂದೆ. ಹೊರಡುವಾಗ ಭಾವನೇ ಅವಳ ಬುತ್ತಿ ಚೀಲ ಹಿಡಿದು ಜೀಪಿನವರೆಗೆ ಬಂದ. ಆಡುಗಳು ಅವನ ಹಿಂದೆಯೇ ಬಂದವು. ‘ದಿನಾ ಬಂದು ಕರ್ಕೊಂಡೋಗಿ, ಸಂಜೆ ಬುಟ್ಟೋಗ್ಬೇಕು. ನಡುದಾರೀಲಿ ಇಳ್ಸಂಗಿಲ್ಲ’ ಎಂದು ಸಾಹೇಬರಿಗೆ ತಾಕೀತು ಮಾಡಿದ.

ಅಂಚೆಟ್ಟಿಯಲ್ಲಿ ಮಿಕ್ಕವರನ್ನು ತುಂಬಿಕೊಂಡು ಘಾಟಿ ದಾಟಿ ಬಯಲಿಗೆ ಬಂದಾಗ ಸಾಹೇಬರ ಫೋನಿಗೆ ಜೀವ ಬಂತು. ಮುಖ್ಯ ಕಚೇರಿಯವರು. ಜೀಪನ್ನು ಪಕ್ಕಕ್ಕೆ ನಿಲ್ಲಿಸಿದರು. ಲೈನ್ ಯಾಕೆ ಇನ್ನೂ ಶುರುವಾಗಿಲ್ಲ, ಎಲ್ಲಿದ್ದೀರಿ ಎಂದು ಆ ಕಡೆಯವರು ಕೂಗುತ್ತಿದ್ದದ್ದು ಹಿಂದೆ ಕೂತ ನಮಗೂ ಕೇಳುತ್ತಿತ್ತು. ‘ತಂಗಿ ಮನೆಗೆ ಹೋಗಿದ್ದೆ, ಕರ್ಕೊಂಡು ಬರ್ತಿದೀನಿ. ವ್ಯಾನ್ ಕೊಡೋವರೆಗೂ ದಿನಾ ಹೀಗೇ ತಡ ಆಗುತ್ತೆ’ ಎಂದು ಸಾಹೇಬರು ಅದೇ ಮೆತ್ತನೆಯ ದನಿಯಲ್ಲಿ ಹೇಳಿ ಫೋನ್ ಇಟ್ಟರು. ಅಂಚೆಟ್ಟಿಯವರ ಕೈ ಇಲ್ಲದೆ ಲೈನ್ ಹೊರಡುತ್ತಿರಲಿಲ್ಲ, ಆ ಇಡೀ ವಾರ ತಡವಾಗಿಯೇ ಶುರುವಾಯಿತು, ಮುಂದಿನ ವಾರ ವ್ಯಾನ್ ಬಂತು.

ಅದೆಲ್ಲ ಆಮೇಲಿನ ಮಾತು. ಆ ಬೆಳಗ್ಗೆ ಜೀಪಿನಲ್ಲಿ ಅವಳು ನನ್ನ ಪಕ್ಕ ಕೂತು, ಸೆರಗಿನ ತುದಿಯಿಂದ ಮತ್ತೆ ಮತ್ತೆ ಕಣ್ಣು ಒರೆಸಿಕೊಳ್ಳುತ್ತಿದ್ದಳು. ‘ಕೆಲ್ಸ ಉಳೀತಲ್ಲ, ಇನ್ಯಾಕಮ್ಮ ಅಳ್ತೀಯ?’ ಎಂದು ಗದರಿದೆ.

‘ಕೆಲ್ಸಕ್ಕಲ್ಲ ಮೇಡಂ’ ಎಂದಳು. ‘ಆ ಮನೆಗೆ ಸೇರಿ ಇಷ್ಟು ವರ್ಷ ಆಯ್ತು. ನನ್ ಕಡೆಯೋರು ಅಂತ ಒಬ್ರು ಬಂದು ಆ ಜಗಲಿ ಮೇಲೆ ಕುಂತಿರ್ಲಿಲ್ಲ.’